ಡಬ್ಬಿಯ ಮೇಲಿನ ಫೋರ್ ಕೆ, ಅವರ್ಸಾದ ಮಳೆ ಮತ್ತು ಓದಲಾಗದ ಒಂದು ನಂಬರು

ಬಹಳ ದಿನಗಳ ಮೇಲೆ ಕೀಬೋರ್ಡ್ ಕುಟ್ಟುತ್ತಿದ್ದೇನೆ. ಸಿಟ್ಟು ಬಂದಾಗ ಮಾತ್ರ ಬರೆಯುವ ಚಾಳಿ ನನ್ನದು ಅಂತ ಹಳಬರಿಗೆ ಗೊತ್ತೇ ಇದೆ. ಈ ಸಲದ ಸಿಟ್ಟು ಡ್ಯಾಶ್‌ಕ್ಯಾಮ್ ಎಂಬ ಅಂಗೈ ಅಗಲದ ವಸ್ತುವಿನ ಮೇಲೆ. ಅದಕ್ಕಿಂತ ಹೆಚ್ಚಾಗಿ ಅದು ಬರುವ ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ 'ಫೋರ್ ಕೆ' ಎಂಬ ಎರಡಕ್ಷರದ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ನಂಬಿ ದುಡ್ಡು ಕೊಟ್ಟ ನನ್ನ ಮೇಲೆ.

ನಡೆದದ್ದು 2025ರ ಜುಲೈನಲ್ಲಿ. ಕಾರವಾರದಲ್ಲಿ ಕೆಲಸ ಮುಗಿಸಿ ನಾನೂ ನನ್ನವಳೂ ಅಂಕೋಲೆಗೆ ವಾಪಸು ಬರುತ್ತಿದ್ದೆವು. ಸಂಜೆ ಏಳು ದಾಟಿತ್ತು, ಮಳೆ. ನಮ್ಮ ಕಡೆಯ ಜುಲೈ ಮಳೆ ಅಂದರೆ ಗೊತ್ತಲ್ಲ, ವೈಪರು ಎಷ್ಟು ಜೋರಾಗಿ ತಿರುಗಿದರೂ ಗಾಜಿನ ಮೇಲೆ ಯಾರೋ ಕೊಡಪಾನ ಬೋರಲು ಹಾಕುತ್ತಲೇ ಇರುತ್ತಾರೆ. ಅವರ್ಸಾ ಹತ್ತಿರ ಒಂದು ಪಿಕಪ್ ಗಾಡಿ ನಮ್ಮನ್ನು ಓವರ್‌ಟೇಕ್ ಮಾಡಿ ಮುಂದೆ ಹೋಯಿತು, ಮುಂದಿದ್ದ ಸ್ಕೂಟರಿಗೆ ತಾಗಿಸಿತು, ಒಂದು ಕ್ಷಣ ಬ್ರೇಕ್ ಹಾಕಿದಂತೆ ಮಾಡಿ ಓಡಿಯೇಬಿಟ್ಟಿತು. ಸ್ಕೂಟರಿನಲ್ಲಿದ್ದವರು ಗಾರೆ ಕೆಲಸ ಮಾಡುವ ಮನುಷ್ಯ. ತೊಡೆಯ ಮೂಳೆ ಎರಡು ಕಡೆ ಮುರಿಯಿತು.

ಆಸ್ಪತ್ರೆಗೆ ಬಂದ ಅವರ ಮಗಳಿಗೆ ಅವತ್ತು ರಾತ್ರಿ ನಾನೇ ಧೈರ್ಯ ಹೇಳಿದ್ದೆ. "ಹೆದರಬೇಡ ತಂಗಿ, ನನ್ನ ಕಾರಿನಲ್ಲಿ ಕ್ಯಾಮೆರಾ ಉಂಟು, ಫೋರ್ ಕೆ, ಎಲ್ಲಾ ರೆಕಾರ್ಡ್ ಆಗಿದೆ."

ಎಲ್ಲಾ ರೆಕಾರ್ಡ್ ಆಗಿತ್ತು, ಸುಳ್ಳಲ್ಲ. ಮರುದಿನ ಠಾಣೆಯಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದರೆ ಮಳೆ ಕಾಣುತ್ತದೆ, ಪಿಕಪ್ ಕಾಣುತ್ತದೆ, ಹಿಂದೆ ಕಟ್ಟಿದ ನೀಲಿ ತಾಡಪಾಲು ಕೂಡ ಕಾಣುತ್ತದೆ. ನಂಬರ್ ಪ್ಲೇಟು ಇರಬೇಕಾದ ಜಾಗದಲ್ಲಿ ಸುಣ್ಣ ಬಳಿದ ಹಾಗೆ ಒಂದು ಬಿಳಿ ಚೌಕ. ಅಲ್ಲಿದ್ದ ಪೇದೆ ಮೂರು ಸಲ ನಿಲ್ಲಿಸಿ, ಹಿಂದೆ ಮುಂದೆ ಮಾಡಿ, ಕಡೆಗೆ ಬಹಳ ಮರ್ಯಾದೆಯಿಂದಲೇ ಕೇಳಿದರು: "ನಂಬರ್ ಎಲ್ಲಿ ಸರ್?"

ಇನ್ನೊಂದು ಹೊಟ್ಟೆ ಉರಿಯುವ ವಿಷಯ ಇದೆ. ನನ್ನವಳು ಆ ಕ್ಷಣದಲ್ಲಿ ಅರ್ಧ ನಂಬರನ್ನು ಗಟ್ಟಿಯಾಗಿ ಓದಿ ಹೇಳಿದ್ದಳು. ನಾನೋ, ಕಾರಿನೊಳಗಿನ ಮನೆ ಮಾತು ಯಾಕೆ ರೆಕಾರ್ಡ್ ಆಗಬೇಕು ಅಂತ ಮೊದಲ ದಿನವೇ ಮೈಕ್ ಬಂದ್ ಮಾಡಿಟ್ಟಿದ್ದೆ! ಬೆಳಗಾಗುವಷ್ಟರಲ್ಲಿ ಅವಳಿಗೆ ನೆನಪಿದ್ದದ್ದು ಕಡೆಯ ಎರಡು ಅಂಕೆ. ಅದೂ "ಇರಬಹುದು ರೀ" ಅನ್ನುವಷ್ಟು.

ಒಂದು ನಂಬರಿಗೆ ಇಷ್ಟು ಗೋಳು ಯಾಕೆ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಗುದ್ದಿದ ಗಾಡಿ ಯಾವುದೆಂದು ಗೊತ್ತಾದರೆ ಅದರ ವಿಮೆಯ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಸು ಹಾಕಬಹುದು. ಆಸ್ಪತ್ರೆ ಖರ್ಚು, ದುಡಿಮೆ ತಪ್ಪಿದ್ದು, ಮುಂದೆ ದುಡಿಯುವ ಶಕ್ತಿ ಕಮ್ಮಿಯಾದದ್ದು, ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಗಾಡಿ ಗೊತ್ತಾಗದಿದ್ದರೆ 'ಗುದ್ದಿ ಓಡಿದ' ಪ್ರಕರಣ. ಅದಕ್ಕೆ ಕೇಂದ್ರ ಸರಕಾರದ 2022ರ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. (2022ರ ಏಪ್ರಿಲ್‌ಗೂ ಮೊದಲು ಇದು 25 ಸಾವಿರ ಮತ್ತು 12,500 ಇತ್ತು, ಅದಕ್ಕೆ ಹೋಲಿಸಿದರೆ ಸುಧಾರಣೆಯೇ ಅನ್ನಿ.) ತೊಡೆ ಮುರಿದುಕೊಂಡು ಸಾರವೆ ಹತ್ತಲಾರದ ಗಾರೆ ಕೆಲಸದವನಿಗೆ ಐವತ್ತು ಸಾವಿರ ಎಷ್ಟು ತಿಂಗಳು ಬಂದೀತು?

ಈಗ ಆ ಡಬ್ಬಿಯ ವಿಷಯಕ್ಕೆ ಬರೋಣ.

ಫೋರ್ ಕೆ ಅಂದರೆ 3840 ಅಡ್ಡ, 2160 ಉದ್ದ. ಗುಣಿಸಿದರೆ ಸುಮಾರು 83 ಲಕ್ಷ ಚುಕ್ಕೆಗಳು. ಇಷ್ಟು ಚುಕ್ಕೆ ಹಿಡಿಯಬೇಕಾದರೆ ಒಳಗಿನ ಸೆನ್ಸರು ಕನಿಷ್ಠ 8 ಮೆಗಾಪಿಕ್ಸೆಲ್ ಇರಬೇಕು. ನನ್ನ ಕ್ಯಾಮೆರಾದ ಒಳಗೆ ಕೂತಿದ್ದದ್ದು 5 ಮೆಗಾಪಿಕ್ಸೆಲ್ಲಿನದು. ಉಳಿದ ಮೂವತ್ತು ಚಿಲ್ಲರೆ ಲಕ್ಷ ಚುಕ್ಕೆಗಳನ್ನು ಸಾಫ್ಟ್‌ವೇರು ಅಕ್ಕಪಕ್ಕದವುಗಳನ್ನು ನೋಡಿ ಊಹೆ ಮಾಡಿ ತುಂಬುತ್ತದೆ. ಒಂದು ಬಟ್ಟಲು ಗಂಜಿಗೆ ನೀರು ಸುರಿದು ನಾಲ್ಕು ಜನಕ್ಕೆ ಬಡಿಸಿದ ಹಾಗೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಅಗುಳು ಎಣಿಸಿದರೆ ಅಷ್ಟೇ ಇರುತ್ತದೆ. ನಂಬರ್ ಪ್ಲೇಟಿನ ಅಂಕೆ ಹಾಗೆ ಊಹೆಯಿಂದ ಹುಟ್ಟುವುದಿಲ್ಲ ಸ್ವಾಮೀ.

ಆಮೇಲೆ '170 ಡಿಗ್ರಿ ಅಗಲದ ನೋಟ' ಅಂತ ಇನ್ನೊಂದು ಜಂಬ. ಅಗಲ ಹೆಚ್ಚಾದಷ್ಟೂ ಇದ್ದ ಚುಕ್ಕೆಗಳು ತೆಳ್ಳಗೆ ಹರಡುತ್ತವೆ. ನಾನೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಅಡ್ಡಕ್ಕೆ 110 ಡಿಗ್ರಿ ನೋಡುವ ಟು ಕೆ ಕ್ಯಾಮೆರಾದಲ್ಲಿ (2560 ಚುಕ್ಕೆ) ಒಂದು ಡಿಗ್ರಿಗೆ ಬರುವುದು ಸುಮಾರು 23 ಚುಕ್ಕೆ. ಹತ್ತು ಮೀಟರ್ ದೂರದಲ್ಲಿ ಅರ್ಧ ಮೀಟರ್ ಅಗಲದ ಪ್ಲೇಟು ಮೂರು ಡಿಗ್ರಿಗೂ ಸ್ವಲ್ಪ ಕಮ್ಮಿ. ಅಂದರೆ ಇಡೀ ಪ್ಲೇಟಿಗೆ 65 ಚುಕ್ಕೆ, ಹತ್ತು ಅಕ್ಷರಕ್ಕೆ ಹಂಚಿದರೆ ಒಂದೊಂದಕ್ಕೆ ಆರು. ಅದು ಓದಲು ಕಷ್ಟಪಟ್ಟು ಸಾಕಾಗುತ್ತದೆ. ಇಪ್ಪತ್ತು ಮೀಟರ್ ದೂರಕ್ಕೆ ಹೋದರೆ ಮೂರು ಚುಕ್ಕೆ, ಅಲ್ಲಿಗೆ ಕತೆ ಮುಗಿಯಿತು. ಇದು ಹಗಲಿನ ಲೆಕ್ಕ, ಗಾಜು ಸ್ವಚ್ಛ ಇದ್ದಾಗಿನದು. ಅಂಗಡಿಯವರಾಗಲಿ ಯೂಟ್ಯೂಬಿನ ವಿಮರ್ಶಕ ಮಹಾಶಯರಾಗಲಿ ಈ ಲೆಕ್ಕ ಹೇಳಿದ್ದು ನಾನು ಕೇಳಿಲ್ಲ.

ವಿಮರ್ಶಕರು ಅಂದೆನಲ್ಲ, ಅವರದ್ದೂ ಒಂದಿಷ್ಟು ಇದೆ. ನಾನು ಕೊಳ್ಳುವ ಮೊದಲು ಹತ್ತಾರು ವಿಡಿಯೋ ನೋಡಿದ್ದೆ. ಒಂದೊಂದೂ ಬಿರುಬಿಸಿಲಲ್ಲಿ ಖಾಲಿ ರಿಂಗ್ ರೋಡಿನಲ್ಲಿ ತೆಗೆದದ್ದು. "ನೋಡಿ ಗೆಳೆಯರೇ ಎಷ್ಟು ಕ್ಲಿಯರ್" ಅಂತ ಆಕಾಶದ ಮೋಡ ತೋರಿಸುತ್ತಾರೆ. ನನಗೆ ಮೋಡ ಬೇಕಿಲ್ಲ ಮಾರಾಯ್ರೇ. ಬಾಳೆಗುಳಿ ಕ್ರಾಸಿನಲ್ಲಿ ಮುಸ್ಸಂಜೆ ಹೊತ್ತು, ಎದುರಿನ ಲಾರಿ ಹೈಬೀಮ್ ಹೊಡೆದಾಗ, ಮೀನು ಲಾರಿಯಿಂದ ಸೋರಿದ ಉಪ್ಪು ನೀರು ಗಾಜಿಗೆ ಮೆತ್ತಿಕೊಂಡಾಗ ಏನು ಕಾಣುತ್ತದೆ, ಅದನ್ನು ತೋರಿಸಿ. ಈ ರಸ್ತೆಯಲ್ಲಿ ಕೆಟ್ಟದ್ದೆಲ್ಲ ಆಗುವುದು ಕತ್ತಲೆಯಲ್ಲಿ ಅಥವಾ ಮಳೆಯಲ್ಲಿ. 2024ರ ಆಗಸ್ಟ್ 7ರಂದು ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದದ್ದು ನಡುರಾತ್ರಿ ದಾಟಿದ ಮೇಲೆ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಹತ್ತಿರ ಉರುಳಿ ಹತ್ತು ಜನ ಸತ್ತದ್ದು ನಸುಕಿನಲ್ಲಿ. ಅಂಥ ಹೊತ್ತಿನಲ್ಲಿ ಕುರುಡಾಗುವ ಕ್ಯಾಮೆರಾ ಹಗಲಿನಲ್ಲಿ ಎಷ್ಟು ಚಂದ ಕಂಡರೇನು?

ಕತ್ತಲೆಯಲ್ಲಿ ಆಗುವುದು ಇಷ್ಟು. ಬೆಳಕು ಸಾಲದೆ ಕ್ಯಾಮೆರಾ ತನ್ನ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಸೆಕೆಂಡಿನ ಮೂವತ್ತನೇ ಒಂದು ಭಾಗದ ತನಕ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಎದುರಿನಿಂದಲೂ ಅಷ್ಟೇ ವೇಗದಲ್ಲಿ ಬರುವ ಗಾಡಿ ಅಷ್ಟರಲ್ಲಿ ನಿಮ್ಮ ಕಡೆ ಒಂದೂವರೆ ಮೀಟರ್ ಸರಿದಿರುತ್ತದೆ. ಹಾಗಾಗಿ ರಾತ್ರಿ ಎದುರು ಬರುವ ಗಾಡಿಯ ನಂಬರು ಓದುತ್ತೇನೆ ಅನ್ನುವ ಆಸೆಯನ್ನು, ಯಾವ ಕ್ಯಾಮೆರಾ ಕೊಂಡರೂ, ಬಿಟ್ಟುಬಿಡಿ. ನಮ್ಮ ಮುಂದೆಯೇ ಹೋಗುವ ಗಾಡಿಯದ್ದು ಓದಬಹುದಿತ್ತು. ಅಲ್ಲಿ ಕೈಕೊಟ್ಟದ್ದು ಇನ್ನೊಂದು. ಈಗಿನ ಎಚ್ಎಸ್ಆರ್‌ಪಿ ಪ್ಲೇಟುಗಳು ಬೆಳಕನ್ನು ವಾಪಸು ಎಸೆಯುವ ಹಾಳೆಯವು. ನಮ್ಮ ಹೆಡ್‌ಲೈಟು ಬಿದ್ದ ಕೂಡಲೇ ಸುತ್ತಲಿನ ಕತ್ತಲೆಯ ನಡುವೆ ಹೊಳೆದು ಬಿಳಿಯಾಗಿಬಿಡುತ್ತವೆ. ಕತ್ತಲು-ಬೆಳಕು ಎರಡನ್ನೂ ಒಟ್ಟಿಗೆ ಸಂಭಾಳಿಸುವ ಗುಣ, ಎಚ್‌ಡಿಆರ್ ಅಥವಾ ಡಬ್ಲ್ಯೂಡಿಆರ್ ಅನ್ನುತ್ತಾರಲ್ಲ, ಅದು ಸರಿಯಾಗಿದ್ದರೆ ಅಂಕೆ ಉಳಿಯುತ್ತದೆ. ನನ್ನದರಲ್ಲಿ ಡಬ್ಬಿಯ ಮೇಲೆ ಅದೂ ಇತ್ತು ಬಿಡಿ.

ಕಡತದ ಗಾತ್ರ ಇನ್ನೊಂದು ಮೋಸ. ನನ್ನ 'ಫೋರ್ ಕೆ'ಯ ಒಂದು ನಿಮಿಷದ ಕಡತ 75 ಎಂಬಿ. ಅಂದರೆ ಸೆಕೆಂಡಿಗೆ 10 ಮೆಗಾಬಿಟ್. ಟು ಕೆ ಚಿತ್ರಕ್ಕೇ ಇದರ ಒಂದೂವರೆ ಪಟ್ಟು ಬೇಕು. ಜೋರು ಮಳೆಯಲ್ಲಿ ಚಿತ್ರದ ಪ್ರತಿಯೊಂದು ಮೂಲೆಯೂ ಅಲುಗುತ್ತಿರುತ್ತದೆ, ಇರುವ ಬಿಟ್ಟುಗಳೆಲ್ಲ ಹನಿಗಳನ್ನು ಬರೆಯುವುದಕ್ಕೇ ಖರ್ಚಾಗಿ ಪ್ಲೇಟಿನ ಪಾಲಿಗೆ ಚೂರುಪಾರು ಉಳಿಯುತ್ತದೆ. ನಿಮ್ಮ ಹತ್ತಿರ ಕ್ಯಾಮೆರಾ ಇದ್ದರೆ ಇವತ್ತೇ ಒಂದು ಕಡತ ತೆರೆದು ಗಾತ್ರ ನೋಡಿ. ಎಚ್ 264ರಲ್ಲಿ ಟು ಕೆ ಆಗಿದ್ದು ನಿಮಿಷಕ್ಕೆ ನೂರು ಎಂಬಿಗಿಂತ ಕಮ್ಮಿ ಇದ್ದರೆ ಸೆಟ್ಟಿಂಗಿನಲ್ಲಿ ಹೆಚ್ಚಿಸಲು ಬರುತ್ತದೆಯೇ ಹುಡುಕಿ. ಎಚ್ 265 ಆದರೆ ಸ್ವಲ್ಪ ಕಮ್ಮಿಯಿದ್ದರೂ ನಡೆದೀತು.

ಹಾಗಾದರೆ ಎಂಥದ್ದು ಕೊಳ್ಳಬೇಕು? ಮೂರರಿಂದ ಐದು ಸಾವಿರದ ಬಜೆಟ್ಟಿನಲ್ಲಿ ಫೋರ್ ಕೆ ಅಂದರೆ ಕೈ ಮುಗಿದು ಮುಂದೆ ಹೋಗಿ. ಪ್ರಾಮಾಣಿಕವಾದ ಟು ಕೆ ಸಾಕು. ಸೆನ್ಸರಿನ ಹೆಸರು ಕೇಳಿ. ಸೋನಿಯ ಸ್ಟಾರ್ವಿಸ್ ಸಾಲಿನ ಐಎಂಎಕ್ಸ್ 335 ಅಂದರೆ 5 ಮೆಗಾಪಿಕ್ಸೆಲ್, ಟು ಕೆ ತನಕ ಅದು ನಿಜವಾಗಿಯೂ ಕೊಡುತ್ತದೆ. ಐಎಂಎಕ್ಸ್ 307 ಅಂದರೆ 2 ಮೆಗಾಪಿಕ್ಸೆಲ್, ಫುಲ್ ಎಚ್‌ಡಿಗೆ ಮಾತ್ರ. ಅದರ ಮೇಲೆ ಫೋರ್ ಕೆ ಅಂತ ಬರೆದಿದ್ದರೆ ಶುದ್ಧ ಸುಳ್ಳು. ಐಎಂಎಕ್ಸ್ 415 ಇದ್ದರೆ ಅದು ನಿಜವಾದ 8 ಮೆಗಾಪಿಕ್ಸೆಲ್, ಬೆಲೆಯೂ ಏರುತ್ತದೆ. ಸೆವೆಂಟಿಮಾಯ್ ಕಂಪನಿ ಎ500ಎಸ್ ಮಾದರಿಯಲ್ಲಿ 335 ಇದೆ, ಎ800ಎಸ್ ಮಾದರಿಯಲ್ಲಿ 415 ಇದೆ ಅಂತ ತಾನೇ ಹೇಳಿಕೊಂಡಿದೆ. ಹಾಗೆ ಹೆಸರು ಹೇಳುವ ಕಂಪನಿಯ ಹತ್ತಿರ ಮಾತಾಡಬಹುದು. ಹೆಸರೇ ಹೇಳದೆ 'ಸೂಪರ್ ನೈಟ್ ವಿಷನ್' ಅಂತ ಚಂದ್ರನ ಚಿತ್ರ ಹಾಕಿದವರಿಂದ ದೂರ ಇರಿ.

ಒಳಗೆ ಬ್ಯಾಟರಿ ಇದೆಯೋ ಸೂಪರ್ ಕೆಪಾಸಿಟರ್ ಇದೆಯೋ ಕೇಳಿ. ಕಾರವಾರದ ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಮುಟ್ಟಿ ನೋಡಿದವರಿಗೆ ಹೇಳಬೇಕಿಲ್ಲ. ಲಿಥಿಯಂ ಬ್ಯಾಟರಿ ಅಲ್ಲಿ ಉಬ್ಬುತ್ತದೆ, ಕೆಪಾಸಿಟರು ತಾಳುತ್ತದೆ. ಮೆಮೊರಿ ಕಾರ್ಡಿನಲ್ಲಿ 'ಹೈ ಎಂಡ್ಯೂರೆನ್ಸ್' ಅಂತ ಇರುವುದನ್ನೇ ತನ್ನಿ, ಯಾಕೆಂದರೆ ಇಲ್ಲಿ ಕಾರ್ಡಿನ ಮೇಲೆ ದಿನವಿಡೀ ಬರೆದು ಅಳಿಸಿ ಬರೆಯುತ್ತಲೇ ಇರುತ್ತದೆ. ಫೋನಿನಿಂದ ಕಿತ್ತ ಹಳೇ ಕಾರ್ಡು ಯಾವಾಗ ಸತ್ತಿತು ಅನ್ನುವುದು ಅಪಘಾತದ ದಿನವೇ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡಿ. ಕ್ಯಾಮೆರಾವನ್ನು ವೈಪರು ಒರೆಸುವ ಜಾಗದ ಹಿಂದೆಯೇ ಅಂಟಿಸಿ. ನಾನು ಮೊದಲು ಮೂಲೆಗೆ ಅಂಟಿಸಿದ್ದೆ, ವೈಪರು ಅಲ್ಲಿಗೆ ಹೋಗುವುದೇ ಇಲ್ಲ! ನನ್ನ ದಡ್ಡತನವನ್ನೂ ಡಬ್ಬಿಯ ಮೇಲೆ ಹಾಕುವುದು ನ್ಯಾಯವಲ್ಲ, ಒಪ್ಪಿದೆ.

ಮೈಕ್ ಬಂದ್ ಮಾಡಬೇಡಿ. ಯಾವ ಸೆನ್ಸರಿಗಿಂತಲೂ ಪಕ್ಕದಲ್ಲಿ ಕೂತ ಮನುಷ್ಯರ ಕಣ್ಣು ಮೇಲು. ನಂಬರು ಕಂಡ ಕೂಡಲೇ ಗಟ್ಟಿಯಾಗಿ ಓದಿ ಹೇಳಿ, ದನಿ ಕಡತದಲ್ಲಿ ಕೂರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಕಡತವನ್ನು ವಾಟ್ಸಾಪಿನಲ್ಲಿ ವಿಡಿಯೋ ಮಾಡಿ ಕಳಿಸಿ 'ಸಾಕ್ಷಿ ಕೊಟ್ಟೆ' ಅನ್ನಬೇಡಿ. ಅದು ಹಿಂಡಿ ಅರ್ಧ ಮಾಡಿ ಕಳಿಸುತ್ತದೆ. ಕಾರ್ಡು ತೆಗೆದಿಡಿ, ಮೂಲ ಕಡತ ಹಾಗೇ ಇರಲಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಬೆಲೆಯನ್ನೂ ಬರೆಯಬೇಕು. ಕಡತದ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಎಡಿಟ್ ಮಾಡಿ ಹಿನ್ನೆಲೆ ಸಂಗೀತ ಹಾಕುವ ಉಮೇದಿನವರು ಮೊದಲು ಇದನ್ನು ತಿಳಿದುಕೊಳ್ಳಿ. ಹಾಗೆಯೇ ಅರ್ಗಾದ ನೌಕಾನೆಲೆಯ ಪಕ್ಕ ಹಾದುಹೋದ ವಿಡಿಯೋವನ್ನು ಎಲ್ಲಿಗೂ ಏರಿಸಲು ಹೋಗಬೇಡಿ.

"ಇದೆಲ್ಲ ಕಾರಿದ್ದವರ ಶೋಕಿ" ಅಂತ ಒಬ್ಬ ಗೆಳೆಯರು ಮೊನ್ನೆ ಮೂದಲಿಸಿದರು. ಶೋಕಿಯೇ ಇರಬಹುದು. 2013ರ ಫೆಬ್ರವರಿಯಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಜಗತ್ತು ಅದನ್ನು ನೋಡಿದ್ದು ಅಲ್ಲಿನ ಸಾಮಾನ್ಯ ಜನರ ಕಾರುಗಳ ಡ್ಯಾಶ್‌ಕ್ಯಾಮಿನಿಂದ. ಉಲ್ಕೆ ಹಿಡಿಯಲು ಅವರು ಅದನ್ನು ಕಟ್ಟಿಕೊಂಡಿರಲಿಲ್ಲ. ವಿಮೆಯ ಜಗಳ, ಗುದ್ದಿದ್ದು ನೀನೋ ನಾನೋ ಅನ್ನುವ ಜಗಳಕ್ಕೆ ಕಟ್ಟಿಕೊಂಡಿದ್ದರು. ಅವರ್ಸಾದ ಆ ಸಂಜೆ ನನ್ನ ಕ್ಯಾಮೆರಾ ಸಾಕ್ಷಿಯಾಗಬೇಕಿದ್ದದ್ದು ಕಾರಿಲ್ಲದ ಮನುಷ್ಯನಿಗೆ. ಅವರ ಮಗಳು ಆಮೇಲೆ ಎರಡು ಸಲ ಫೋನ್ ಮಾಡಿದಳು. ಎರಡನೇ ಸಲ "ಅಂಕಲ್, ಅದನ್ನು ದೊಡ್ಡದು ಮಾಡಿ ನೋಡಲಿಕ್ಕೆ ಬರುವುದಿಲ್ಲವಾ?" ಅಂತ ಕೇಳಿದಳು. ಇಲ್ಲ ಅಂತ ಹೇಳುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹಳೆಯದನ್ನು ಕಿತ್ತು ಹಾಕಿ ಈಗ 335 ಸೆನ್ಸರಿನ, ಕೆಪಾಸಿಟರಿನ ಒಂದು ಟು ಕೆ ತಂದಿದ್ದೇನೆ. ದುಡ್ಡು ಮೊದಲಿನದಕ್ಕಿಂತ ಆರುನೂರು ಕಮ್ಮಿಯೇ ಆಯಿತು. ಹೋದ ಭಾನುವಾರ ಮುಸ್ಸಂಜೆ ಮಳೆಯಲ್ಲಿ ಭಾವನ ಸ್ಕೂಟರನ್ನು ಮುಂದೆ ಬಿಟ್ಟು ಹಟ್ಟಿಕೇರಿ ತನಕ ಹಿಂದೆ ಹೋದೆ. ಆರು ಮೀಟರಿನಲ್ಲಿ ನಂಬರು ಓದಬಹುದು, ಎಂಟರಲ್ಲಿ ಊಹಿಸಬಹುದು, ಹನ್ನೆರಡರಲ್ಲಿ ಆಗಲಿಲ್ಲ. ಭಾವ ಪೂರ್ತಿ ನೆನೆದು ಬೈದದ್ದು, ಕಿಟಕಿ ಇಳಿಸಿದ್ದರಿಂದ, ಬಹಳ ಸ್ಪಷ್ಟವಾಗಿ ರೆಕಾರ್ಡ್ ಆಗಿದೆ :-) ಹಳೆಯದು, ಹೊಸದು ಎರಡರ ಮೂಲ ಕಡತವೂ ನನ್ನ ಹತ್ತಿರ ಇದೆ. ಕೊಳ್ಳುವ ಮೊದಲು ಹೋಲಿಸಿ ನೋಡಬೇಕೆನ್ನುವವರು ಕೇಳಿ, ಕಳಿಸುತ್ತೇನೆ. ವಾಟ್ಸಾಪಿನಲ್ಲಿ ಮಾತ್ರ ಕೇಳಬೇಡಿ.