ಆದಾಯ ಹೆಚ್ಚು, ಆಯುಷ್ಯ ಕಡಿಮೆ

ಬಳ್ಳಾರಿಯ ಜೀನ್ಸ್ ಉದ್ಯಮಕ್ಕೆ ಬಾಂಗ್ಲಾದೇಶ ಹೊಸ ಹೆಸರಲ್ಲ. ಸಿದ್ಧ ಉಡುಪಿನ ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಯಾದ ಆ ದೇಶ ಬದುಕಿನ ಗುಣಮಟ್ಟದಲ್ಲೂ ನಮಗೆ ಸರಿಸಾಟಿಯಾಗಿ ನಿಂತಿದೆ. ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ ಭಾರತ, ಬಾಂಗ್ಲಾದೇಶ ಎರಡಕ್ಕೂ 130ನೇ ಸ್ಥಾನ. ತಲಾ ಆದಾಯದಲ್ಲಿ ನಾವು ಮುಂದೆ. ಸರಾಸರಿ ಆಯುಷ್ಯ ಮಾತ್ರ ಅಲ್ಲಿ ಸುಮಾರು 75 ವರ್ಷ, ಇಲ್ಲಿ 72.

ಮನೆಮನೆಗೆ ತೆರಳಿದ ಆರೋಗ್ಯ ಕಾರ್ಯಕರ್ತೆಯರು, ಲಸಿಕೆ, ಭೇದಿಗೆ ಓಆರ್‌ಎಸ್, ಶೌಚಾಲಯ, ಕಾರ್ಖಾನೆಗಳಲ್ಲಿ ಮಹಿಳೆಯರ ಸ್ವಂತ ದುಡಿಮೆ ಅಲ್ಲಿನ ಬದುಕನ್ನು ಎತ್ತಿ ಹಿಡಿದವು. ಹಾಗೆಂದು ಆ ದಾರಿಯೆಲ್ಲ ಹೂವಿನ ಹಾಸಿಗೆಯಲ್ಲ. 2013ರಲ್ಲಿ ಅಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಸುರಕ್ಷತೆಯಿಲ್ಲದ ದುಡಿಮೆಯ ಬೆಲೆ ಅದು.

ಈ ಹೋಲಿಕೆ ನಮ್ಮ ಜಿಲ್ಲೆಗೆ ನೇರವಾಗಿ ತಟ್ಟುತ್ತದೆ. ಅದಿರು ಬಳ್ಳಾರಿಗೆ ಹಣ ತಂದಿತು. ಆದರೂ ಹಿಂದುಳಿದಿರುವಿಕೆಯ ಕಾರಣಕ್ಕೆ ಸಂವಿಧಾನದ 371(ಜೆ) ವಿಧಿಯ ಆಸರೆ ಬೇಕಾಯಿತು. ಸತ್ಯನಾರಾಯಣಪೇಟೆಯ ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಿರುಗುಪ್ಪ, ಕುರುಗೋಡಿನ ಹಳ್ಳಿಗಳ ಬಾಣಂತಿಗೆ ವೈದ್ಯರು ಎಷ್ಟು ದೂರದಲ್ಲಿ ಸಿಗುತ್ತಾರೆ, ಜೀನ್ಸ್ ಹೊಲಿಯುವ ಕೈಗಳಿಗೆ ಇಎಸ್‌ಐ ಇದೆಯೇ? ಪ್ರಗತಿಯ ಲೆಕ್ಕ ಇಲ್ಲಿಂದ ಶುರುವಾಗಬೇಕು.

ಗಣಿಬಾಧಿತ ಜನರಿಗಾಗಿಯೇ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ ಅದರ ಆದ್ಯತೆಗಳು. ಕಾಂಪೌಂಡು, ಕಮಾನುಗಳಿಗೆ ಮೊದಲು ಈ ಮೂರಕ್ಕೆ ಹಣ ಸಲ್ಲಲಿ. ಖರ್ಚಿನ ಲೆಕ್ಕವನ್ನು ಜಿಲ್ಲಾಡಳಿತ ಊರೂರಿನ ಜನರ ಮುಂದಿಡಲಿ.