ಎಂಟು ಬಿಟ್ಟು ಹನ್ನೆರಡು ಹಿಡಿಯಬೇಕೇ?

ಇದೇನಪ್ಪಾ, ಇಲ್ಲೂ ಟೆಕ್ನಿಕಲ್ ಕೊರೆತ ಅಂತ ಓಡಿಹೋಗಬೇಡಿ. ಕಾಲೇಜಿನ ಲ್ಯಾಬಿನಲ್ಲಿ ‘ಸಿಆರ್‌ಒ’ ಮುಂದೆ ನಿಂತು, ಹಸಿರು ಗೆರೆ ಒಂದು ಕಡೆ ನಿಲ್ಲಲಿ ಅಂತ ನಾಬ್ ತಿರುಗಿಸಿದವರು ನಿಮ್ಮಲ್ಲೂ ಬೇಕಾದಷ್ಟು ಜನ ಇದ್ದೀರಿ. ಸಾಫ್ಟ್‌ವೇರಿಗೆ ಬಂದ ಮೇಲೂ ಶನಿವಾರ ಎಸ್.ಪಿ. ರೋಡ್ ಸುತ್ತಿ, ಬೋರ್ಡು-ಸೆನ್ಸರು ತಂದು ಸಾಲ್ಡರ್ ಮಾಡುವ ಚಟ ಬಿಡದವರಿಗಾಗಿ ಈ ಬರಹ.

ನಮ್ಮ ಗೆಳೆಯರಲ್ಲಿ ಈಗ ಒಂದೇ ಮಾತು: “ಎಂಟು ಬಿಟ್ ಸ್ಕೋಪ್ ಹಳೇದಾಯ್ತು, ಮಾರಿಬಿಡು, ಹನ್ನೆರಡು ಬಿಟ್ಟಿಂದು ತಗೋ.” 2023ರಲ್ಲಿ ರಿಗಾಲ್ ಕಂಪನಿಯ ಡಿಎಚ್‌ಒ 800 ಸರಣಿ ಬಂದ ಮೇಲೆ ಹವ್ಯಾಸಿಗಳ ಕೈಗೂ ಹನ್ನೆರಡು ಬಿಟ್ ಎಟುಕಿತು. ಸಂತೋಷವೇ. ಆದರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಸ್ಕೋಪನ್ನು ಸಿಕ್ಕ ಬೆಲೆಗೆ ಮಾರಿ, ಕಂತಿನಲ್ಲಿ ಹೊಸದು ತರಬೇಕಾ? ಹೆಚ್ಚಿನವರಿಗೆ ಬೇಡ ಅಂತ ನನ್ನ ಅಭಿಪ್ರಾಯ.

ಮೊದಲು ಲೆಕ್ಕ ನೋಡೋಣ. ಎಂಟು ಬಿಟ್ ಅಂದರೆ ಪರದೆಯ ಎತ್ತರವನ್ನು 256 ಮೆಟ್ಟಿಲು ಮಾಡಿದ ಹಾಗೆ, ಹನ್ನೆರಡು ಬಿಟ್ ಅಂದರೆ 4096 ಮೆಟ್ಟಿಲು. ಒಂದು ಚೌಕಕ್ಕೆ 1 ವೋಲ್ಟ್, ಎಂಟು ಚೌಕ ಅಂದುಕೊಂಡರೆ, ಮೊದಲನೆಯದರಲ್ಲಿ ಒಂದು ಮೆಟ್ಟಿಲು ಸುಮಾರು 31 ಮಿಲಿವೋಲ್ಟ್, ಎರಡನೆಯದರಲ್ಲಿ ಸುಮಾರು 2. ವ್ಯತ್ಯಾಸ ದೊಡ್ಡದೇ, ಒಪ್ಪಿದೆ.

ಆದರೆ 5 ವೋಲ್ಟ್ ಪವರ್ ಸಪ್ಲೈ ಮೇಲಿನ 20 ಮಿಲಿವೋಲ್ಟ್ ರಿಪಲ್ ನೋಡಲು ಯಾರಾದರೂ 1 ವೋಲ್ಟಿನ ಚೌಕ ಇಟ್ಟುಕೊಳ್ಳುತ್ತಾರಾ? ಎಸಿ ಕಪ್ಲಿಂಗ್ ಒತ್ತಿ, 5 ವೋಲ್ಟನ್ನು ಆಚೆ ಇಟ್ಟು, ಚೌಕಕ್ಕೆ 10 ಮಿಲಿವೋಲ್ಟ್ ಮಾಡಿಕೊಳ್ಳಿ. ಎಂಟು ಬಿಟ್ಟಿನಲ್ಲೇ ಒಂದು ಮೆಟ್ಟಿಲು 0.3 ಮಿಲಿವೋಲ್ಟಿನ ಆಸುಪಾಸಿಗೆ ಇಳಿಯುತ್ತೆ. ಇನ್ನೂ ಕೆಳಗೆ ಹೋದರೆ ಸ್ಕೋಪಿನ ಸ್ವಂತ ನಾಯ್ಸೇ ಮೆಟ್ಟಿಲಿಗಿಂತ ದಪ್ಪ ಆಗುತ್ತೆ. ಆಗ ಹೆಚ್ಚಿನ ಬಿಟ್‌ಗಳು ಆ ನಾಯ್ಸನ್ನೇ ಇನ್ನಷ್ಟು ನುಣುಪಾಗಿ ತೋರಿಸುತ್ತವೆ, ಅಷ್ಟೆ!

ಇನ್ನೊಂದು ವಿಷಯ ನಮ್ಮವರು ಮರೆಯೋದು: ಸ್ಯಾಂಪಲ್ ಕೊಟ್ಟು ಬಿಟ್ ಕೊಳ್ಳಬಹುದು, ಬಿಟ್ ಕೊಟ್ಟು ಸ್ಯಾಂಪಲ್ ಕೊಳ್ಳಲಾಗದು. ಸಿಗ್ನಲ್‌ನಲ್ಲಿ ಒಂದೆರಡು ಮೆಟ್ಟಿಲಿನಷ್ಟು ನಾಯ್ಸ್ ಇದ್ದರೆ, ನಾಲ್ಕು ಸ್ಯಾಂಪಲ್‌ಗಳ ಸರಾಸರಿ ತೆಗೆದಾಗ ಲೆಕ್ಕದ ಪ್ರಕಾರ ಒಂದು ಬಿಟ್ ಲಾಭ. 256 ಸ್ಯಾಂಪಲ್‌ಗಳ ಸರಾಸರಿಗೆ ನಾಲ್ಕು ಬಿಟ್. ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ ತೆಗೆಯುವ ಎಂಟು ಬಿಟ್ ಸ್ಕೋಪ್ ಹೀಗೆ ಮಾಡಿದರೂ ಸೆಕೆಂಡಿಗೆ ಸುಮಾರು 39 ಲಕ್ಷ ಉಳಿಯುತ್ತೆ. ಆಡಿಯೋ ಕೆಲಸಕ್ಕೆ ಧಾರಾಳ. ‘ಹೈ ರೆಸಲ್ಯೂಶನ್’ ಮೋಡ್ ಮಾಡೋದು ಇದನ್ನೇ. ಒಂದೇ ಒಂದು ಸಲ ಬಂದು ಮಾಯವಾದ ಗ್ಲಿಚ್ ಎರಡು ಸ್ಯಾಂಪಲ್‌ಗಳ ನಡುವೆ ನುಸುಳಿಹೋದರೆ ಮಾತ್ರ, ಹನ್ನೆರಡಲ್ಲ, ಹದಿನಾರು ಬಿಟ್ ಇದ್ದರೂ ಅದು ವಾಪಸ್ ಬರಲ್ಲ.

ಹಾಗಂತ ಡಬ್ಬದ ಮೇಲಿನ ಸ್ಯಾಂಪಲ್ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ಹವ್ಯಾಸಿಗಳ ಮೇಜಿನ ಮೇಲಿರುವ ರಿಗಾಲ್ ಡಿಎಸ್ 1054ಝೆಡ್ ನೋಡಿ. ಒಂದು ಚಾನೆಲ್ ಬಳಸಿದರೆ 100 ಕೋಟಿ, ಎರಡಕ್ಕೆ 50 ಕೋಟಿ, ಮೂರು-ನಾಲ್ಕಕ್ಕೆ 25 ಕೋಟಿ. ಅದರ 50 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತಿಗೆ 25 ಕೋಟಿಯೂ ಐದು ಪಟ್ಟು, ಆದ್ದರಿಂದ ಪರವಾಗಿಲ್ಲ. ಮೆಮೊರಿ 1.2 ಕೋಟಿ ಸ್ಯಾಂಪಲ್ ಅಂದುಕೊಂಡರೆ, ಪೂರ್ತಿ ವೇಗದಲ್ಲಿ 12 ಮಿಲಿಸೆಕೆಂಡಿಗೆ ತುಂಬಿಹೋಗುತ್ತೆ. 1.2 ಸೆಕೆಂಡ್ ಹಿಡಿಯಬೇಕೆಂದರೆ ವೇಗ ಸೆಕೆಂಡಿಗೆ ಒಂದು ಕೋಟಿಗೆ ಇಳಿಯಲೇಬೇಕು. ಪರದೆಯ ಮೂಲೆಯಲ್ಲಿ ಆ ಕ್ಷಣದ ವೇಗ ಬರೆದಿರುತ್ತೆ, ಡಬ್ಬ ಬಿಟ್ಟು ಅದನ್ನು ಓದಿ.

ಹಾಗಾದರೆ ಹನ್ನೆರಡು ಬಿಟ್ ಯಾರಿಗೆ? ಆಂಪ್ಲಿಫಯರ್ ಕಟ್ಟಿ ಎಫ್ಎಫ್‌ಟಿಯಲ್ಲಿ ಡಿಸ್ಟಾರ್ಶನ್ ಹುಡುಕುವವರಿಗೆ. ಮೋಟರ್ ಹೊರಟಾಗ ಬ್ಯಾಟರಿಯ ವೋಲ್ಟೇಜ್ ನಿಧಾನಕ್ಕೆ ಒಂದಿಷ್ಟು ಮಿಲಿವೋಲ್ಟ್ ಕುಸಿಯುವುದನ್ನು ನೋಡುವವರಿಗೆ (ನಿಧಾನದ ಬದಲಾವಣೆಯನ್ನು ಎಸಿ ಕಪ್ಲಿಂಗ್ ನುಂಗಿಬಿಡುತ್ತೆ). ಇನ್ನು, ಮೊದಲ ಸಲ ಸ್ಕೋಪ್ ಕೊಳ್ಳುವವರಿಗೆ. ಬೆಲೆಯಲ್ಲಿ ದೊಡ್ಡ ಅಂತರ ಇಲ್ಲದಿದ್ದರೆ ಅವರು ಹನ್ನೆರಡನ್ನೇ ತಗೊಳ್ಳಲಿ.

ಈಗಾಗಲೇ ಎಂಟು ಬಿಟ್ ಇಟ್ಟುಕೊಂಡು, ಐ2ಸಿ, ಯುಎಆರ್‌ಟಿ ಅಂತ ಆಡುತ್ತಿರುವವರೇ, ದುಡ್ಡು ಉಳಿಸಿ. ಆ ಸಿಗ್ನಲ್‌ಗಳಲ್ಲಿ ಮುಖ್ಯವಾಗಿ ನೋಡಬೇಕಾದ್ದು ಸೊನ್ನೆಯೋ ಒಂದೋ, ಯಾವಾಗ ಬದಲಾಯಿತು ಅಂತ. ಅದರಲ್ಲಿ ಒಂದು ಪಾಲಿಗೆ ಲಾಜಿಕ್ ಅನಲೈಸರ್ ಬರುತ್ತೆ. ಪ್ರೋಬಿನ ಉದ್ದನೆಯ ಮೊಸಳೆ ಕ್ಲಿಪ್ ಗ್ರೌಂಡ್ ವೈರ್ ತೆಗೆದು, ಜೊತೆಗೆ ಬರುವ ಪುಟ್ಟ ಸ್ಪ್ರಿಂಗ್ ಹಾಕಿ ನೋಡಿ. ವೇಗದ ಅಂಚುಗಳಲ್ಲಿ ಕಾಣುತ್ತಿದ್ದ ನಡುಕದಲ್ಲಿ ಎಷ್ಟು ಸರ್ಕ್ಯೂಟಿಂದು, ಎಷ್ಟು ಆ ವೈರಿಂದು ಅಂತ ಗೊತ್ತಾಗುತ್ತೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ನೀವೇನಂತೀರಿ? ಎಂಟು ಬಿಟ್ಟಿಗೆ ನಿಜವಾಗಿಯೂ ಕಾಣದೇ ಹೋದದ್ದು ನಿಮಗೇನಾದರೂ ಸಿಕ್ಕಿದ್ದರೆ ಬರೆದು ತಿಳಿಸಿ. ವಾದಕ್ಕೆ ನಾನು ರೆಡಿ :)