ಗಿಟಾರಿನ ಅಬ್ಬರದಲ್ಲಿ ಸ್ತೋತ್ರ
ಕ್ರೈಸ್ತ ನಂಬಿಕೆಯನ್ನು ಎಲೆಕ್ಟ್ರಿಕ್ ಗಿಟಾರು, ಡ್ರಮ್ಮುಗಳ ಅಬ್ಬರದಲ್ಲಿ ಹಾಡುವ ಕ್ರಿಶ್ಚಿಯನ್ ರಾಕ್ ಅಮೆರಿಕದಲ್ಲಿ ಲ್ಯಾರಿ ನಾರ್ಮನ್ ಅವರ 1969ರ ಆಲ್ಬಮ್ಮಿನ ಹೊತ್ತಿಗೆ ಕಣ್ತೆರೆಯಿತು. 1972ರಲ್ಲಿ ಹುಟ್ಟಿದ ಪೆಟ್ರಾ ತಂಡದ ಆಲ್ಬಮ್, ಅಂದರೆ ಒಂದೇ ಹೊದಿಕೆಯಲ್ಲಿ ಬರುವ ಹಾಡುಗಳ ಗುಚ್ಛ, ಅಭಿಮಾನಿಗೆ ಕೇಳುವುದಕ್ಕಷ್ಟೇ ಅಲ್ಲದೆ ಓದುವುದಕ್ಕೂ ಒದಗುತ್ತಿತ್ತು. ಹಾಡಿನ ಸಾಹಿತ್ಯದ ಜೊತೆಗೇ ಬೈಬಲ್ ವಚನಗಳ ಅಧ್ಯಾಯ, ಸಂಖ್ಯೆಗಳೂ ಅಚ್ಚಾಗಿರುತ್ತಿದ್ದವು. ಹಳದಿ–ಕಪ್ಪು ಪಟ್ಟೆಯ ಉಡುಪಿನ ಸ್ಟ್ರೈಪರ್ ತಂಡವಂತೂ ವೇದಿಕೆಯಿಂದ ಸಭಿಕರತ್ತ ಬೈಬಲ್ಲುಗಳನ್ನೇ ಎಸೆಯುತ್ತಿತ್ತು. ಗ್ರಂಥವನ್ನು ಕಣ್ಣಿಗೊತ್ತಿಕೊಂಡು ತೆರೆಯುವ ಹಾಸನ ಜಿಲ್ಲೆಯ ಗಂಡಸಿ ಸೀಮೆಯ ಹಿರಿಯರಿಗೆ ಇದು ಸುಲಭಕ್ಕೆ ಒಗ್ಗುವ ಭಕ್ತಿಯಲ್ಲ. ಆದರೂ ಈ ಅಲೆ ನಮ್ಮಲ್ಲಿಗೂ ಬಂತು: ಬೆಂಗಳೂರಿನ ಸ್ಲೇನ್ ತಂಡವು ರಾಕ್‌ಗಿಂತ ಬಿರುಸಾದ ಮೆಟಲ್ ಶೈಲಿಯನ್ನು ಹಿಡಿದು 2012ರಲ್ಲಿ ‘ಹಿಯರ್ ಅಂಡ್ ಬಿಯಾಂಡ್’ ಆಲ್ಬಮ್ ಹೊರತಂದಿತಾದರೂ ಹಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡದ ಚರ್ಚುಗಳಲ್ಲಿ ಹಾರ್ಮೋನಿಯಂ, ತಬಲಾ, ಕೀಬೋರ್ಡುಗಳ ಒಡನಾಟವೇ ಹೆಚ್ಚು.